ಮೋಟ ಗಲ್ಲಿಯ ಕಾಗದ

ಗಡಹಿಂಗ್ಲಜದ ಮೋಟ ಗಲ್ಲಿಗೆ ಆ ಹೆಸರು ಬಂದದ್ದು ತನ್ನ ಮನೆತನದಿಂದ ಎಂದು ಭರತೇಶ ಮಗದುಮ್ಮ ಮೂವತ್ತು ವರ್ಷ ಹೇಳಿಕೊಂಡು ಬಂದಿದ್ದ. ಯಾರೂ ಅಲ್ಲಗಳೆದಿರಲಿಲ್ಲ. ಆದರೆ ಯಾರೂ ಗಮನ ಕೊಟ್ಟು ಕೇಳಿರಲೂ ಇಲ್ಲ ಎಂಬುದು ಅವನಿಗೆ ಹೊಳೆದದ್ದು ನಿವೃತ್ತನಾದ ಮೂರನೇ ವರ್ಷ, ತುಂಬಿದ ಸಭೆಯಲ್ಲಿ ಜನ ತನ್ನನ್ನು ನೋಡಿ ನಕ್ಕ ದಿನ.

ಊರಿನ ಹಳೇ ಗಲ್ಲಿಗಳಿಗೆಲ್ಲ ಕಲ್ಲಿನ ಫಲಕ ಹಾಕಿಸಬೇಕು, ಹೆಸರಿನ ಕೆಳಗೆ ಆ ಹೆಸರು ಬಂದ ಕತೆಯನ್ನು ನಾಲ್ಕು ಸಾಲಿನಲ್ಲಿ ಕೆತ್ತಿಸಬೇಕು ಎಂದು ಊರವರು ಒಂದಿಷ್ಟು ಜನ ಸೇರಿ ಸಮಿತಿ ಮಾಡಿಕೊಂಡಿದ್ದರು. ಮೊದಲ ಸಭೆಗೆ ಭರತೇಶ ತಾನು ಈಗ ನೆಲೆಸಿದ್ದ ಇಚಲಕರಂಜಿಯಿಂದ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದ ಧ್ವನಿಯಲ್ಲಿ ವಿವರಿಸಿದ. ಮೋಟ ಅಂದರೆ ಮರಾಠಿಯಲ್ಲಿ ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ದೊಡ್ಡ ತೊಗಲಿನ ಚೀಲ. ತನ್ನ ಮುತ್ತಜ್ಜ ಜಯಪಾಲ ಮಗದುಮ್ಮ ಗಲ್ಲಿಯ ತುದಿಯಲ್ಲಿ ಬಾವಿ ತೋಡಿಸಿ, ಮೋಟ ಹಾಕಿಸಿ, ಇಡೀ ಗಲ್ಲಿಗೆ ನೀರು ಕೊಟ್ಟ. ಆದ್ದರಿಂದ ಫಲಕದ ಮೇಲೆ ‘ಜಯಪಾಲ ಮಗದುಮ್ಮ ಗಲ್ಲಿ’ ಎಂದೇ ಕೆತ್ತಿಸುವುದು ನ್ಯಾಯ.

ಗಲ್ಲಿಯ ಬಾಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಅಲ್ಲಪ್ಪ ಹಿಂದಿನ ಸಾಲಿನಿಂದ ಎದ್ದ. “ಮಾಸ್ತರ, ಬಾವಿ ಕುರಿ ಕಾಯೂ ಧನಗರರದ್ರಿ. ದುಂಡವ್ವನ ಮನೆತನದ್ದು. ನಿಮ್ಮ ಮಂದಿ ಅಲ್ಲಿ ನೀರ ಸೇದಾಕ ಬರ್ತಿದ್ರಂತ, ನಮ್ಮಪ್ಪ ಹೇಳ್ತಿದ್ದ.”

ನಗು ಒಂದು ಮೂಲೆಯಿಂದ ಎದ್ದು ಇಡೀ ಸಭೆಗೆ ಹಬ್ಬಿತು. ಕೆಟ್ಟ ನಗುವೇನಲ್ಲ. ಆದರೆ ಭರತೇಶನ ಕಿವಿ ಬಿಸಿಯಾದವು. ಸಮಿತಿಯ ಕಾರ್ಯದರ್ಶಿ ನೂತನ ಕೊಲ್ಲಾಪುರದಿಂದ ಈ ಊರಿಗೆ ಸೊಸೆಯಾಗಿ ಬಂದು ಕಾಲೇಜಿನಲ್ಲಿ ಪಾಠ ಹೇಳುವವಳು. ಅವಳು ಮಾತು ತಿಳಿಯಾಗಿಸಿದಳು. “ಸರ್, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಏನರ ಕಾಗದ ಇದ್ರ ತೋರಸ್ರಿ. ಕಾಗದ ಇದ್ರ ಯಾರೂ ಮಾತಾಡೂದಿಲ್ಲ.”

ಕಾಗದ ಇರಲಿಲ್ಲ. ಮಗದುಮ್ಮರಿಗೆ ಈಗ ಏನೂ ಉಳಿದಿರಲಿಲ್ಲ. ದೊಡ್ಡ ವಾಡೆ ಒಡೆದು ಮೂರು ಪಾಲಾಗಿತ್ತು. ಒಂದು ಪಾಲಿನಲ್ಲಿ ಅಣ್ಣನ ಮಗ ಜಿನೇಶ ಟೈಲ್ಸ್ ಅಂಗಡಿ ಇಟ್ಟಿದ್ದ, ಇನ್ನೊಂದರಲ್ಲಿ ಯಾರೋ ಕೋಚಿಂಗ್ ಕ್ಲಾಸು ನಡೆಸುತ್ತಿದ್ದರು. ತಂದೆ ಧನಪಾಲ ಬಾಗಿಲ ಮೇಲಿನ ಮನೆತನದ ಹೆಸರು ಒರೆಸಿ ಒರೆಸಿ ಹೊಳೆಯುವಂತೆ ಇಡುತ್ತಿದ್ದ. ಆ ಬಾಗಿಲೂ ಮಾರಾಟವಾಗಿ ಹೋಗಿತ್ತು. ತನ್ನ ನಂತರ ಈ ಊರಿನಲ್ಲಿ ಮಗದುಮ್ಮ ಎಂದು ಎಲ್ಲಾದರೂ ಬರೆದಿರುತ್ತದೆಯೆ ಎಂದು ವಾಪಸು ಹೋಗುವ ಎಸ್ಟಿ ಬಸ್ಸಿನಲ್ಲಿ ಅವನು ಯೋಚಿಸಿದ. ಸಂಕೇಶ್ವರ ದಾಟುವ ಹೊತ್ತಿಗೆ ಅದು ಬರೀ ಕೊರಗಾಗಿತ್ತು. ನಿಪ್ಪಾಣಿ ಬರುವಷ್ಟರಲ್ಲಿ ಉಪಾಯವಾಗಿತ್ತು.

ಭರತೇಶನಿಗೆ ಮರಾಠಿಯ ಹಳೇ ಮೋಡಿ ಲಿಪಿ ಬರುತ್ತಿತ್ತು. ಒಂದು ಕಾಲಕ್ಕೆ ಈ ಸೀಮೆಯ ದಫ್ತರವೆಲ್ಲ ಆ ಲಿಪಿಯಲ್ಲೇ ಇತ್ತು, ಈಗ ಓದುವವರು ಬೆರಳೆಣಿಕೆ. ಅಜ್ಜನ ಕಾಲದ ದಾಖಲೆ ಹಿಡಿದು ಹಾತಕಣಂಗಲೆ, ಜಯಸಿಂಗಪುರದಿಂದೆಲ್ಲ ಜನ ಅವನ ಮನೆಗೆ ಬರುತ್ತಿದ್ದರು. ಅವನು ಓದಿ ಹೇಳಿದ್ದೇ ಕೊನೆಯ ಮಾತು. ಓದುವವನಿಗೆ ಬರೆಯಲೂ ಬರುತ್ತದೆ ಎಂದು ಅವರಲ್ಲಿ ಯಾರೂ ಯೋಚಿಸಿರಲಿಲ್ಲ.

ಕಾಗದ ಸುಲಭವಾಗಿ ಸಿಕ್ಕಿತು. ಅಜ್ಜನ ಹಳೇ ಪಂಚಾಂಗದ ಕೊನೆಯಲ್ಲಿ ನಾಲ್ಕು ಖಾಲಿ ಹಾಳೆಗಳಿದ್ದವು, ಅಂಚು ಕಂದಾಗಿ, ಒಂದು ಮೂಲೆಗೆ ಹುಳ ತಿಂದು. ಮಸಿಯನ್ನು ದೀಪದ ಕಾಡಿಗೆ ಮತ್ತು ಅಂಟಿನಿಂದ ತಾನೇ ಅರೆದ. ಲೆಕ್ಕಣಿಕೆಯನ್ನು ಜೊಂಡಿನ ಬೋರುಕಡ್ಡಿಯಿಂದ ಕೆತ್ತಿದ. ಹೆಂಡತಿ ಮಗಳ ಹೆರಿಗೆ, ಬಾಣಂತನಕ್ಕೆಂದು ಜಯಸಿಂಗಪುರಕ್ಕೆ ಹೋಗಿದ್ದಳು. ಇಚಲಕರಂಜಿಯ ಮನೆಯ ಎರಡೂ ಬದಿಗೆ ಮಗ್ಗಗಳು ಬೆಳಗಿನಿಂದ ಸಂಜೆತನಕ ಖಡಖಡ ಬಡಿಯುತ್ತಿದ್ದವು, ಮೇಜು ಸಣ್ಣಗೆ ನಡುಗುತ್ತಿತ್ತು. ಆ ನಡುಕ ಅಕ್ಷರಕ್ಕೂ ಇಳಿದಾಗ ಅವನಿಗೆ ಖುಷಿಯಾಯಿತು. ಮುದಿ ಕುಲಕರ್ಣಿಯೊಬ್ಬ ಬರೆದಂತೆಯೇ ಕಾಣುತ್ತಿತ್ತು.

ಮಾತುಗಳನ್ನು ಹದಿನೈದು ದಿನ ತೂಗಿದ. ಶಕೆ ೧೮೪೩, ಅಂದರೆ ೧೯೨೧ನೇ ಇಸವಿ. ದುಂಡವ್ವ, ಅಲ್ಲಿಯ ಧನಗರ ಮನೆತನದವಳು, ತನ್ನ ರಾಜೀಖುಷಿಯಿಂದ ಗಲ್ಲಿಯ ತುದಿಯ ಜಾಗವನ್ನು ಜಯಪಾಲ ಮಗದುಮ್ಮನಿಗೆ ಬಿಟ್ಟುಕೊಟ್ಟಿದ್ದಾಳೆ. ಅಲ್ಲಿ ಅವನು ಬಾವಿ ತೋಡಿಸಿ, ಮೋಟ ಹಾಕಿಸಿ, ಗಲ್ಲಿಗೆ ನೀರು ಕೊಡತಕ್ಕದ್ದು. ಗಲ್ಲಿ ಅವನ ಹೆಸರಿನಿಂದ ನಡೆಯತಕ್ಕದ್ದು. ಸ್ಟಾಂಪ್ ಕಾಗದದ ತಂಟೆ ಬೇಡವೆಂದು ಖಾಸಗಿ ಕರಾರು ಮಾಡಿದ. ಸಾಕ್ಷಿಗಳಾಗಿ ಸಂತಾನವಿಲ್ಲದೆ ಸತ್ತ ಇಬ್ಬರ ಹೆಸರು ಹಾಕಿದ, ಯಾರ ಮೊಮ್ಮಗನೂ ಎದ್ದು ಪ್ರಶ್ನೆ ಕೇಳಬಾರದು. ಅಳತೆಯನ್ನು ಮೊಳದಲ್ಲಿ ಕೊಟ್ಟ. ಆ ಕಾಲದ ಬರೆಹಗಾರರು ಮಾಡುತ್ತಿದ್ದ ಎರಡು ಕಾಗುಣಿತದ ತಪ್ಪನ್ನೂ ಬೇಕೆಂದೇ ಮಾಡಿದ.

ಕೊನೆಗೆ ಉಳಿದದ್ದು ದುಂಡವ್ವನ ಗುರುತು. ಅದಕ್ಕೂ ಹಿಂದಿನ ಕಾಲದಲ್ಲಿ ಹೆಂಗಸರು ಬಳೆಯ ಚಿತ್ರ ಬರೆಸುತ್ತಿದ್ದರು. ಶಕೆ ೧೮೪೩ರ ಹೊತ್ತಿಗೆ ಹೆಬ್ಬಟ್ಟು ಬಂದಿತ್ತು, ನೋಡುವವರಿಗೆ ಹೆಬ್ಬಟ್ಟಿನ ಮೇಲೆ ನಂಬಿಕೆಯೂ ಹೆಚ್ಚು. ಅರವತ್ತು ವರ್ಷದ ಹಿಂದೆ ಸತ್ತವಳ ಬೆರಳನ್ನು ಯಾರು ಎಲ್ಲಿಂದ ತಂದು ಹೋಲಿಸುತ್ತಾರೆ? ಭರತೇಶ ತನ್ನ ಬಲಗೈ ಹೆಬ್ಬೆರಳಿಗೆ ಮಸಿ ಸವರಿ, ತುದಿಯನ್ನಷ್ಟೇ ಒತ್ತಿ, ಎತ್ತುವಾಗ ಒಂದಿಷ್ಟು ಜಾರಿಸಿದ. ಗೆರೆಗಳು ಕಲಸಿಹೋದವು. ಸಣ್ಣ, ಹೆಣ್ಣು ಬೆರಳಿನಂಥ ಕಪ್ಪು ಗುರುತು. ಆಮೇಲೆ ಬಚ್ಚಲಿಗೆ ಹೋಗಿ ಕೈ ತೊಳೆದ. ಮಸಿ ಒಂದೇ ಸಲಕ್ಕೆ ಹೋಯಿತು. ಆದರೂ ಅವನು ತೊಳೆಯುತ್ತಲೇ ಇದ್ದ.

ಯಾರಿಗೂ ಕೇಡಿಲ್ಲ ಎಂದುಕೊಂಡ. ಬರೀ ಒಂದು ಹೆಸರು. ಗಲ್ಲಿಯ ತುದಿಯಲ್ಲಿ, ಬಾವಿಗೆ ತಾಗಿದ ಎರಡು ಖೋಲಿಯ ಮನೆಯಲ್ಲಿ ಯಮುನವ್ವ ಇದ್ದಾಳೆ. ದುಂಡವ್ವನ ಮೊಮ್ಮಗನ ಹೆಂಡತಿ, ಎಂಬತ್ತರ ವಿಧವೆ. ಅವಳು ಇರುತ್ತಾಳೆ, ಇದ್ದೇ ಇರುತ್ತಾಳೆ. ಮಳೆಗಾಲ ಮುಗಿದ ಮೇಲೆ ಚಂದಗಡದ ಕಡೆಯಿಂದ ಇಳಿಯುವ ಅವಳ ಮಂದಿಯ ಕುರಿ ಹಿಂಡು ಎರಡು ದಿನ ಬಾವಿ ಕಟ್ಟೆಯ ಸುತ್ತ ತಂಗುತ್ತದೆ. ಅದೂ ತಂಗುತ್ತದೆ. ಫಲಕದ ಮೇಲಿನ ಹೆಸರು ಕುರಿಗಳಿಗೆ ಏನು ಮಾಡೀತು?

ಹಾಗೆ ತನಗೆ ತಾನೇ ಹೇಳಿಕೊಂಡರೂ ಅವನು ಆ ತಿಂಗಳು ಗಡಹಿಂಗ್ಲಜಕ್ಕೆ ಬಂದಾಗೆಲ್ಲ ಹಿಂದಿನ ಓಣಿಯಿಂದ ಸುತ್ತು ಹಾಕಿ ಬರುತ್ತಿದ್ದ. ಗಲ್ಲಿಯ ಹನ್ನೊಂದು ಜನ ಹಿರಿಯರನ್ನು ಕೂರಿಸಿಕೊಂಡು ಅವರ ಮಾತನ್ನು ಮೊಬೈಲಿನಲ್ಲಿ ಹಿಡಿದಿದ್ದ. ತನ್ನ ಕಾಗದಕ್ಕೆ ಅಡ್ಡ ಬರುವಂಥದ್ದು ಯಾರ ಬಾಯಲ್ಲಾದರೂ ಇದೆಯೇ ಎಂದು ತಿಳಿದುಕೊಳ್ಳಬೇಕಿತ್ತು. ಬಾವಿ ಧನಗರರದ್ದು ಎಂದು ನಾಲ್ವರು ಹೇಳಿದರು. ಕರಾರಿನಲ್ಲಿ ಜಾಗ ಅವರದ್ದೇ ಎಂದು ಇತ್ತಲ್ಲ, ಅದಕ್ಕೂ ಹೊಂದುತ್ತಿತ್ತು. ಹನ್ನೆರಡನೆಯವಳಾಗಿ ಯಮುನವ್ವನನ್ನು ಕೇಳಬೇಕಿತ್ತು. ಎರಡು ಸಲ ಹೊರಟ. ಎರಡೂ ಸಲ ಅಲ್ಲಪ್ಪನ ಅಂಗಡಿಯವರೆಗೆ ಹೋಗಿ ತಿರುಗಿದ.

ಅವನ ತಾಯಿ ಸೋನಾಬಾಯಿ ಹಾಸಿಗೆ ಹಿಡಿದು ಹದಿನಾಲ್ಕು ತಿಂಗಳು ಮಲಗಿದ್ದಳು. ಆಗ ದಿನಾ ಬೆಳಿಗ್ಗೆ ಬಂದು ಮಗ್ಗುಲು ಹೊರಳಿಸಿ, ಬೆನ್ನು ಒರೆಸಿ, ಸೀರೆ ಬದಲಿಸಿ ಹೋಗುತ್ತಿದ್ದವಳು ಯಮುನವ್ವ. ಯಾರೂ ಹೇಳಿರಲಿಲ್ಲ, ಯಾರೂ ಏನೂ ಕೊಟ್ಟಿರಲಿಲ್ಲ. ಭರತೇಶನಿಗೆ ಶಾಲೆ ಇತ್ತು, ಪರೀಕ್ಷೆ ಇದ್ದವು. ಅವನು ರವಿವಾರಕ್ಕೊಮ್ಮೆ ಬಂದು ತಾಯಿಯ ಕಾಲ ಹತ್ತಿರ ಅರ್ಧ ತಾಸು ಕೂತು ಹೋಗುತ್ತಿದ್ದ. ಯಮುನವ್ವನ ಮುಂದೆ ಕೂತು, ಅವಳು ಕೊಟ್ಟ ಚಹಾ ಕುಡಿದು, ‘ದುಂಡವ್ವನ ಬಗ್ಗೆ ಹೇಳ್ರಿ’ ಎಂದು ಕೇಳುವುದು ಅವನಿಂದ ಆಗಲಿಲ್ಲ. ಮುದುಕಿಗೆ ಏನು ಗೊತ್ತಿರುತ್ತದೆ, ಓದು ಬರೆಹ ಇಲ್ಲದವಳು ಎಂದುಕೊಂಡು ಪಟ್ಟಿಯಲ್ಲಿದ್ದ ಆ ಹೆಸರಿನ ಮೇಲೆ ಗೆರೆ ಎಳೆದ.

ಕಾಗದವನ್ನು ತಾನೇ ತಂದರೆ ಸಂಶಯ ಬರುತ್ತದೆ. ಅದು ಬೇರೆಯವರ ಕೈಗೆ ಸಿಗಬೇಕು. ಬಸದಿಯ ಕಪಾಟಿನಲ್ಲಿ ಹಳೇ ಗ್ರಂಥಗಳ, ಚಿಲ್ಲರೆ ಕಾಗದಗಳ ಗಂಟುಗಳಿದ್ದವು, ವಿಂಗಡಿಸಿ ಇಡುತ್ತೇನೆಂದು ಅವನು ವರ್ಷದ ಹಿಂದೆಯೇ ಒಪ್ಪಿಕೊಂಡಿದ್ದ. ಮೂರನೇ ಗಂಟಿನ ನಡುವೆ ಕರಾರನ್ನು ಸೇರಿಸಿ ದಾರ ಕಟ್ಟಿದ. ವಾರ ಬಿಟ್ಟು ನೂತನಳಿಗೆ ಫೋನ್ ಮಾಡಿದ. “ಒಬ್ಬನ ಕೈಲೆ ಆಗವಲ್ದು. ನಿಮಗ ಬಿಡುವಿದ್ರ ಒಂದ ದಿನಾ ಬರ್ರಿ.”

ನೂತನ ಬಂದಳು. ಇಬ್ಬರೂ ಬಸದಿಯ ಪಡಸಾಲೆಯಲ್ಲಿ ಬಿಸಿಲು ಬೀಳುವಲ್ಲಿ ಚಾಪೆ ಹಾಕಿಕೊಂಡು ಕೂತರು. ಭರತೇಶ ಮೊದಲ ಗಂಟನ್ನು ತಾನು ತೆಗೆದುಕೊಂಡ, ಮೂರನೆಯದು ಅವಳ ಕಡೆ ಇತ್ತು. ಊಟದ ಹೊತ್ತಿಗೆ ಅವಳು ಕೂಗಿಕೊಂಡಳು.

“ಸರ್, ಹೇ ಬಘಾ, ಇಲ್ನೋಡ್ರಿ! ಮೋಡಿ ಐತ್ರಿ. ಇಲ್ಲಿ ‘ಮಗದುಮ್ಮ’ ಅಂತ ಇದ್ದಂಗ ಕಾಣ್ತೈತಿ ನೋಡ್ರಿ.”

ಅವನು ಕನ್ನಡಕ ಒರೆಸಿಕೊಂಡ. ಕಾಗದವನ್ನು ಬೆಳಕಿಗೆ ಹಿಡಿದು ತಡವರಿಸಿ ತಡವರಿಸಿ ಓದಿದ. ತಾನೇ ಬರೆದ ಒಂದು ಶಬ್ದದ ಹತ್ತಿರ ನಿಂತು, ಇದು ಯಾಕೋ ಹತ್ತವಲ್ದು ಎಂದ. ಆ ಶಬ್ದವನ್ನು ನೂತನಳೇ ಊಹಿಸಿ ಹೇಳಿದಳು. ಓದು ಮುಗಿದಾಗ ಅವಳ ಕಣ್ಣಲ್ಲಿ ನೀರಿತ್ತು. “ಅವತ್ತ ಮಂದಿ ನಕ್ಕಾಗ ನನಗೂ ಭಾಳ ಕೆಟ್ಟ ಅನಿಸಿತ್ರಿ ಸರ್. ಈಗ ನೋಡ್ರಿ.” ಭರತೇಶ ಕಾಗದವನ್ನು ಅವಳ ಕೈಗೇ ತಿರುಗಿ ಕೊಟ್ಟ. ತನ್ನನ್ನು ನಂಬಿದವಳಿಗೇ ಮೋಸ ಮಾಡುವುದು ಇಷ್ಟು ಸಲೀಸೆಂದು ಅವನಿಗೆ ಗೊತ್ತಿರಲಿಲ್ಲ.

ಸುದ್ದಿ ಸಂಜೆಯೊಳಗೆ ಊರೆಲ್ಲ ಹಬ್ಬಿತು. ಮರುದಿನ ಜಿನೇಶ ಅಂಗಡಿ ಬಿಟ್ಟು ಇಚಲಕರಂಜಿಗೆ ಓಡಿ ಬಂದ. ಅವನಿಗೆ ಒಳಗಿನ ವಿಷಯ ಏನೂ ತಿಳಿದಿರಲಿಲ್ಲ.

“ಕಾಕಾ, ನೀವು ಬರೇ ಹೆಸರಿನ ಮಾತ ಹೇಳಾಕತ್ತೀರಿ. ಜಾಗಾ ನಮಗ ಬಿಟ್ಟುಕೊಟ್ಟಾಳ ಅಂತ ಬರದೈತೆಲ್ಲ ಅದರಾಗ! ಸರ್ವೇದಾಗ ಬಾವಿ ಜಾಗಾಕ್ಕ ಯಾರ ಹೆಸರೂ ಇಲ್ಲ. ನಾ ವಕೀಲರನ್ನ ಕೇಳೇನಿ. ಈ ಕಾಗದ ಸಭಾದಾಗ ಒಮ್ಮೆ ಖರೇ ಅಂತ ಆತಂದ್ರ ಮುಂದ ಮುದುಕಿನ್ನ ಎಬ್ಬಸೂದು ಎಷ್ಟರ ಮಾತು? ನನಗ ಗೋಡೌನಕ್ಕ ಜಾಗಾ ಬೇಕಾಗೇತಿ.”

“ಅಕಿನ್ನ ಎಬ್ಬಸ್ತೀ?”

“ಎಲ್ಯರ ಇರ್ಲಿ ಬಿಡ್ರಿ. ಚಂದಗಡದಾಗ ಅಕಿ ತಮ್ಮನ ಮಕ್ಕಳು ಅದಾರಲ್ಲ.”

ಆಗ ಹೇಳಬಹುದಿತ್ತು. ‘ಜಿನೇಶಾ, ಆ ಕಾಗದ ನಾ ಬರದದ್ದು’ ಎಂದರೆ ಅಲ್ಲಿಗೇ ಮುಗಿಯುತ್ತಿತ್ತು. ಮನೆಯೊಳಗಿನ ನಾಚಿಕೆ ಮನೆಯೊಳಗೇ ಇರುತ್ತಿತ್ತು. ಭರತೇಶ ಬಾಯಿ ತೆರೆದ. ಹೊರಬಂದದ್ದು ಬೇರೆ ಮಾತು. “ಅವಸರಾ ಮಾಡಬ್ಯಾಡ. ಅಕಿ ಇರೂತನಕ ಇರ್ಲಿ.” ಜಿನೇಶ ನಕ್ಕು, ನೋಡೂಣು ಎಂದು ಹೋದ.

ಆಮೇಲಿನ ಎಂಟು ದಿನ ಅವನಿಗೆ ಊಟ ಸೇರಲಿಲ್ಲ. ಜಾಗದ ಸಾಲು ಬರೆಯದೆ ಬಿಟ್ಟಿದ್ದರೆ ಆಗುತ್ತಿತ್ತೇ ಎಂದು ಮಗ್ಗದ ಸದ್ದಿನ ನಡುವೆ ಕೂತು ಯೋಚಿಸಿದ. ಇಲ್ಲ, ಆ ಸಾಲಿಲ್ಲದೆ ಕರಾರು ನಿಲ್ಲುವುದಿಲ್ಲ. ಬರೆಯುವಾಗಲೂ ಅದು ಗೊತ್ತಿತ್ತು. ಕೇಡಿಲ್ಲ ಎಂದು ಹೇಳಿಕೊಂಡದ್ದು ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ. ಹೆಂಡತಿಯ ಫೋನ್ ಬಂತು, ಮೊಮ್ಮಗಳು ಹುಟ್ಟಿದ್ದಳು. ಹಿಗ್ಗಬೇಕೆಂದು ಪ್ರಯತ್ನಿಸಿದ. ಹೆಬ್ಬೆರಳ ಉಗುರಿನ ಸಂದಿಯಲ್ಲಿ ಕಪ್ಪು ಉಳಿದಿದೆಯೇ ಎಂದು ಮಾತಿನ ನಡುವೆಯೂ ನೋಡಿಕೊಳ್ಳುತ್ತಿದ್ದ.

ಆದರೆ ಯೋಜನೆಯಲ್ಲಿ ಎಲ್ಲಿಯೂ ಬಿರುಕಿರಲಿಲ್ಲ. ಅದನ್ನು ಅವನು ದಿನಕ್ಕೆರಡು ಸಲ ಪರೀಕ್ಷಿಸುತ್ತಿದ್ದ. ನೂತನ ಕಾಗದದ ಫೋಟೋವನ್ನು ಕೊಲ್ಲಾಪುರದ ತನ್ನ ಗುರುಗಳಿಗೆ ಕಳಿಸಿದ್ದಳು. ಅಕ್ಷರದ ತಿರುವು ಆ ಕಾಲದ್ದೇ, ಕಾಗದವೂ ಹಳೆಯದಾಗಿಯೇ ಕಾಣುತ್ತದೆ ಎಂದು ಅವರು ಉತ್ತರ ಕೊಟ್ಟಿದ್ದರು. ಅಲ್ಲಪ್ಪ ಕೂಡ ಸೋತ ದನಿಯಲ್ಲಿ, “ಕಾಗದ ಐತಿ ಅಂದ ಮ್ಯಾಲ ಮುಗೀತ್ರಿ” ಎಂದಿದ್ದನಂತೆ.

ಸಭೆ ರವಿವಾರ ಮುಂಜಾನೆ ಹತ್ತಕ್ಕೆ. ಭರತೇಶ ಒಂದು ನಿರ್ಧಾರ ಮಾಡಿಕೊಂಡು ಬಂದಿದ್ದ. ಹೆಸರು ಒಪ್ಪಿಗೆಯಾದ ಮೇಲೆ ಎದ್ದು ನಿಂತು, ಯಮುನವ್ವ ಬದುಕಿರುವತನಕ ಆ ಜಾಗ ಅವಳದೇ ಎಂದು ಎಲ್ಲರೆದುರು ಹೇಳುವುದು. ಜಿನೇಶನ ಬಾಯಿಗೆ ಅಲ್ಲಿಗೆ ಬೀಗ. ಕದ್ದದ್ದರಲ್ಲಿ ಅರ್ಧ ತಿರುಗಿ ಕೊಟ್ಟಂತಾಗುತ್ತದೆ. ಹಾಗೆ ಅಂದುಕೊಂಡ ಮೇಲೆ ಆ ಎಂಟು ದಿನದಲ್ಲಿ ಮೊದಲ ಸಲ ಎರಡು ಇಡ್ಲಿ ತಿಂದಿದ್ದ.

ಸಭೆ ತುಂಬಿತ್ತು. ಯಮುನವ್ವ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದಳು. ಹೆಗಲ ಮೇಲೆ ಮಡಚಿದ ಕಂಬಳಿ, ಕೈಯಲ್ಲಿ ಕೋಲು. ಅವನನ್ನು ನೋಡಿ ನಕ್ಕಳು. “ಮಾಸ್ತರ, ಭಾಳ ದಿವಸಾತು ಮನಿ ಕಡೆ ಬಂದಿಲ್ಲ. ಮೊಮ್ಮಗಳು ಹುಟ್ಯಾಳಂತ?”

“ಹೌದ್ರಿ ಯಮುನತ್ತಿ.”

“ಸೋನಾಬಾಯಿ ಇದ್ದಿದ್ರ ಎಷ್ಟ ಹಿಗ್ಗತಿದ್ಲು.”

ಅವನು ಮುಖ ಬೇರೆ ಕಡೆ ಮಾಡಿಕೊಂಡ. ನೂತನ ಕರಾರಿನ ಕತೆ ಹೇಳಿದಳು, ಅದು ಸಿಕ್ಕ ಬಗೆ ಹೇಳಿದಳು. ಆಮೇಲೆ ಭರತೇಶ ಎದ್ದು ಮೋಡಿಯನ್ನು ಓದುತ್ತ ಒಂದೊಂದೇ ಸಾಲನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ. ದನಿ ನಡುಗಲಿಲ್ಲ. ಜಾಗದ ಸಾಲು ಬಂದಾಗ ಯಮುನವ್ವ ಕೋಲಿನ ಮೇಲೆ ಗದ್ದ ಇಟ್ಟುಕೊಂಡು ಆಲಿಸುತ್ತಿದ್ದಳು. ಅಲ್ಲಪ್ಪ ತಲೆ ತಗ್ಗಿಸಿದ್ದ. ಓದು ಮುಗಿದಾಗ ಯಾರೋ ಚಪ್ಪಾಳೆ ಹೊಡೆದರು, ಹತ್ತು ಜನ ಸೇರಿಕೊಂಡರು.

“ಯಾರದರ ತಕರಾರ ಐತೇನ್ರಿ?” ಎಂದು ನೂತನ ಕೇಳಿದಳು. ಕೇಳುವುದು ರೂಢಿ.

ಯಮುನವ್ವ ಕೈ ಎತ್ತಿದಳು. “ತಕರಾರ ಅಲ್ಲರೀ ಬಾಯಿ. ನಮ್ಮ ಮನಿ ಹಿರೇಕಿ ಕಾಗದ ಅಂತೀರಿ. ನಾ ಒಮ್ಮೆ ಮುಟ್ಟಿ ನೋಡ್ಲೇನ್ರಿ?”

ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟಿದ್ದ ಕಾಗದವನ್ನು ನೂತನ ಕೆಳಗಿಳಿದು ಬಂದು ಅವಳ ತೊಡೆಯ ಮೇಲಿಟ್ಟಳು. ಮುದುಕಿ ಅದರ ಮೇಲೆ ಅಂಗೈ ಆಡಿಸಿ, ಕೈಯನ್ನು ಕಣ್ಣಿಗೊತ್ತಿಕೊಂಡಳು. ಓದು ಬಾರದ ಆ ಕಣ್ಣುಗಳು ಸಾಲುಗಳನ್ನೆಲ್ಲ ದಾಟಿ ಕೆಳಗಿಳಿದು ಒಂದು ಕಡೆ ನಿಂತವು.

“ಈ ಕರೇದು ಏನ್ರಿ ಮಾಸ್ತರ?”

“ಹೆಬ್ಬಟ್ರಿ ಅದು. ದುಂಡವ್ವಂದು. ಒಪ್ಪಿಗಿ ಐತಿ ಅಂತ ಒತ್ತ್ಯಾಳ.”

ಯಮುನವ್ವ ತಲೆ ಎತ್ತಿ ಅವನನ್ನು ನೋಡಿದಳು. ಸಿಟ್ಟಿರಲಿಲ್ಲ, ಕಲಿತ ಮನುಷ್ಯ ತಪ್ಪು ಓದಿದನಲ್ಲ ಎಂಬ ಸಂಕೋಚವಿತ್ತು. “ಅಲ್ಲರೀ, ನಾ ಲಗ್ನಾಗಿ ಈ ಮನಿಗೆ ಬಂದಾಗ ಅಕಿ ಇದ್ಲಲ್ಲ. ಸಾಯೂತನಕ ನಾಕ ವರ್ಸ ಇದ ಕೈಲೆ ತುತ್ತ ಮಾಡಿ ಉಣಿಸೇನಿ. ನಿಮ್ಮ ಅಜ್ಜ ಸಣ್ಣ ಕೂಸ ಇದ್ದಾಗ ನಮ್ಮ ಬಾವ್ಯಾಗ ಬಿದ್ದಿದ್ದ. ಅಕಿ ಹಗ್ಗಾ ಎರಡೂ ಕೈಗೆ ಬಿಗದ ಸುತಗೊಂಡು, ಅದನ್ನ ಹಿಡಕೊಂಡ ಕೂಸನ್ನ ಒಬ್ಬಾಕೀನ ಮ್ಯಾಲ ಎಳದ್ಲು. ಕೂಸ ಉಳೀತು, ಅಕಿ ಹೆಬ್ಬೆರಳ ಎರಡೂ ಜಜ್ಜಿ ಹ್ವಾದುವು, ವೈದ್ಯ ಕೊಯ್ದ ತಗದ. ಆವಾಗಿಂದ ಬೆರಳ ಮೋಟಾದಾಕಿ ಅಂತ ಮಂದಿ ಅಕಿನ್ನ ಮೋಟವ್ವ ಅಂದ್ರು, ಗಲ್ಲಿಗೆ ಮೋಟವ್ವನ ಗಲ್ಲಿ ಅಂದ್ರು. ನೀವು ಮರಾಠಿ ಸಾಲಿ ಕಲತೀರಿ, ಮೋಟ ಅಂದ್ರ ತೊಗಲಿನ ಚೀಲ ಅಂತೀರಿ. ನಿಮ್ಮ ಅವ್ವಗ ಎಲ್ಲಾ ಗೊತ್ತಿತ್ತು, ಹೇಳಿರಲಿಲ್ಲೇನ್ರಿ?” ಆಕೆ ಮತ್ತೆ ಕಾಗದದ ಮೇಲೆ ಬಗ್ಗಿ ಆ ಕಪ್ಪು ಗುರುತನ್ನು ಹತ್ತಿರದಿಂದ ನೋಡಿದಳು. ಇಡೀ ಸಭೆ ಅವಳ ಮಾತಿಗೆ ಕಾಯುತ್ತಿತ್ತು. ಭರತೇಶ ಬಲಗೈಯನ್ನು ಮುಷ್ಟಿ ಮಾಡಿಕೊಂಡಿದ್ದ, ಹೆಬ್ಬೆರಳು ಒಳಗೆ. “ಎರಡೂ ಹೆಬ್ಬೆರಳ ಇಲ್ಲದಾಕಿರಿ ಅಕಿ. ಹಂಗಾರ ಮಾಸ್ತರ, ಇದು ಯಾರ ಬೆರಳ್ರಿ?”